ತೊಂದರೆ ಏನೂ ಇಲ್ಲ

ಬೆಳಿಗ್ಗೆಯಿಂದ ಮಾಸ್ಟರು ಒಂದೇ ಒಂದು ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದರು. ಹಾಲುಹಲ್ಲಿನ ಮಗುವೂ ಅಳುತ್ತಳುತ್ತ ಹೇಳಿಬಿಡುವ ವಾಕ್ಯ: ನನಗೆ ತೊಂದರೆ ಆಗುತ್ತಿದೆ. ಕನ್ನಡಿಯ ಮುಂದೆ ನಿಂತು ‘ನನಗೆ’ ಎನ್ನುವಷ್ಟರಲ್ಲಿ ಎದೆ ತಾನೇ ಉಬ್ಬುತ್ತಿತ್ತು, ಮೀಸೆ ತಾನೇ ಮೇಲೇಳುತ್ತಿತ್ತು, ಉಳಿದೆರಡು ಪದಗಳು ಗಂಟಲಲ್ಲಿ ಕಾಲು ಜಾರಿ ವಾಪಸ್ ಹೊಟ್ಟೆಗೆ ಬೀಳುತ್ತಿದ್ದವು. ಎಪ್ಪತ್ತಮೂರು ವರ್ಷಗಳಲ್ಲಿ ಆ ಬಾಯಿಂದ ಹೊರಟ ಮಾತುಗಳನ್ನು ದಾರದಲ್ಲಿ ಪೋಣಿಸಿದರೆ ಭೂಮಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ ಇನ್ನೂ ಒಂದು ಗೇಣು ಮಿಕ್ಕೀತು. ಆದರೆ ಈ ಮೂರು ಪದಗಳು ಒಟ್ಟಿಗೆ ಒಮ್ಮೆಯೂ ಬಂದಿರಲಿಲ್ಲ. ಒಂಬತ್ತಕ್ಕೆ ಸರಿಯಾಗಿ ಕೆಳಗೆ ಡ್ರಿಲ್ ಶುರುವಾಯಿತು. ಅದರ ಸದ್ದಿಗೆ ಮೂರು ಬೀದಿಯ ಕಾಗೆಗಳು ಸಂಸಾರ ಸಮೇತ ಗುಳೆ ಹೋಗಿ ಆರು ವಾರವಾಗಿತ್ತು. ಗೋಡೆಯ ಗಡಿಯಾರ ದಿನಕ್ಕೊಂದು ಬೆರಳಿನಷ್ಟು ಎಡಕ್ಕೆ ನಡೆದು ಹೆಚ್ಚುಕಡಿಮೆ ಬಾಗಿಲ ಹತ್ತಿರ ಬಂದು, ಅದೂ ಹೊರಟುಹೋಗುವ ಯೋಚನೆಯಲ್ಲಿತ್ತು. ಉಳಿದಿದ್ದ ಹನ್ನೊಂದು ಹಲ್ಲುಗಳು ಬಾಯೊಳಗೇ ಸಭೆ ನಡೆಸುತ್ತಿದ್ದವು. ನಾಲ್ಕು ಗಂಟೆಗೆ ಬಾಡಿಗೆ ಕಚೇರಿಯ ಇನ್‌ಸ್ಪೆಕ್ಟರಮ್ಮ ಎರಡನೆಯ ಸಲ ಬರುತ್ತಾಳೆ. ಎರಡನೆಯದೇ ಕೊನೆಯದು, ಮೂರನೆಯದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಅದು ಮೂರು ಮಹಡಿಯ ಕಟ್ಟಡ. ತುತ್ತತುದಿಯಲ್ಲಿ ಮಾಸ್ಟರು; ಕೋಟು ಕತ್ತರಿಸುವ ಕೈ ಕತ್ತರಿ ಕೆಳಗಿಟ್ಟು ಎಂಟು ವರ್ಷವಾದರೂ ಮಾಸ್ಟರ್ ಎಂಬ ಹೆಸರು ಮಾತ್ರ ಮೈಯಿಂದ ಕಳಚಿರಲಿಲ್ಲ. ಸರಿಯಾಗಿ ಅವರ ಪಾದದ ಕೆಳಗೆ, ಎರಡನೆಯ ಮಹಡಿಯಲ್ಲಿ, ರಾತ್ರಿ ಪಾಳಿಯ ನರ್ಸಮ್ಮ. ಊರು ಏಳುವಾಗ ಮಲಗಿ, ಊರು ದೀಪ ಹಚ್ಚುವಾಗ ಏಳುವವಳು. ಅದರ ಕೆಳಗಿನ ಮನೆಗಳು ಖಾಲಿ. ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಗ, ಅಂದರೆ ಚಿಕ್ಕ ಯಜಮಾನ, ಕಟ್ಟಡದ ಕೊಳಾಯಿಗಳನ್ನೆಲ್ಲ ಕಿತ್ತು ಅಡುಗೆಮನೆಗಳನ್ನೆಲ್ಲ ಒಡೆದು ಹೊಸದು ಮಾಡಲು ಹೊರಟಿದ್ದ. ಎಲ್ಲರ ಕೈಗೂ ಒಂದು ಕಾಗದ ಕೊಟ್ಟಿದ್ದ: ಸ್ವಇಚ್ಛೆಯಿಂದ ಮನೆ ತೆರವು ಮಾಡುತ್ತಿದ್ದೇನೆ. ಮುಗಿದ ಮೇಲೆ ವಾಪಸ್ ಬರುವ ಮಾತು ಕಾಗದದಲ್ಲಿರಲಿಲ್ಲ, ಬಾಯಲ್ಲಿತ್ತು. ಮೊದಲನೆಯ ಮಹಡಿಯ ಬಸ್ ಕಂಡಕ್ಟರು ಅದಕ್ಕೆ ಸಹಿ ಹಾಕಿ ಭಾವಮೈದುನನ ಮನೆಗೆ ಹೋದರು. ತಿಂಗಳೊಪ್ಪತ್ತಿನಲ್ಲಿ ಮರೆತ ಛತ್ರಿಗೆಂದು ಬಂದು ನೋಡಿದರೆ ತಮ್ಮ ಖಾಲಿ ಮನೆಯ ಬಾಗಿಲಿಗೆ ಆಗಲೇ ಮುಂದೆ ಬರಲಿರುವ ಬೇರೆ ಯಾರದೋ ಹೆಸರಿನ ಫಲಕ. ಕಾನೂನೇನೋ ಕಬ್ಬಿಣದಂತಿತ್ತು: ದುರಸ್ತಿಯಿಂದ ಮನೆ ವಾಸಕ್ಕೆ ಯೋಗ್ಯವಿಲ್ಲ ಎಂದು ಬಾಡಿಗೆ ಕಚೇರಿ ಒಮ್ಮೆ ಬರೆದುಕೊಂಡರೆ, ಯಜಮಾನನೇ ಬೇರೆ ಕಡೆ ಇರಿಸಬೇಕು, ಅದೇ ಮನೆಗೆ ಮತ್ತೆ ಕರೆದುಕೊಳ್ಳುತ್ತೇನೆಂದು ಬರೆದು ಕೊಡಬೇಕು, ಅಲ್ಲಿಯವರೆಗೆ ಡ್ರಿಲ್ ಮುಟ್ಟಕೂಡದು. ಆದರೆ ಕಚೇರಿ ಬರೆದುಕೊಳ್ಳಬೇಕಾದರೆ ಇರುವವರು ಬಾಯಿ ಬಿಡಬೇಕು.

ನರ್ಸಮ್ಮ ಬಿಟ್ಟಿದ್ದಳು. ಮೂರು ಪುಟದ ಅರ್ಜಿ ಅವಳದೇ. ಮೂರು ವಾರದ ಹಿಂದೆ ಇನ್‌ಸ್ಪೆಕ್ಟರಮ್ಮ ಬಂದು, ಒಂದೇ ಕೊಳಾಯಿ ಸಾಲಿನ ಇನ್ನೊಂದು ಮನೆಯನ್ನೂ ಕೇಳಬೇಕೆಂದು ಮೇಲೆ ಹತ್ತಿದಳು. ಕನ್ನಡಕದ ಹುಡುಗಿ, ಎದೆಗೆ ಫೈಲು ಅವಚಿಕೊಂಡು, ಏದುಸಿರು ಬಿಡುತ್ತ, ಅಜ್ಜಾವ್ರೇ, ನಿಮಗೆ ತುಂಬ ತೊಂದರೆ ಆಗ್ತಿರಬೇಕಲ್ವಾ ಎಂದಳು. ಅಜ್ಜಾವ್ರು! ಆ ಒಂದು ಪದ ಮಾಸ್ಟರ ಕಿವಿಗೆ ಸೂಜಿಯಂತೆ ಹೋಗಿ ಇನ್ನೊಂದು ಕಿವಿಯಲ್ಲಿ ದಾರ ಎಳೆದುಕೊಂಡು ಬಂತು. ಆಮೇಲೆ ಏನೇನು ಹೇಳಿದರೋ. ಮಂತ್ರಿಯೊಬ್ಬನಿಗೆ ಒಂದೇ ರಾತ್ರಿಯಲ್ಲಿ ಕೋಟು ಹೊಲಿದದ್ದು, ಏಳು ಮೆಷಿನ್ನುಗಳ ನಡುವೆ ಕೂತು ನಿದ್ದೆ ತೆಗೆದದ್ದು, ಈ ಡ್ರಿಲ್ಲು ತಮಗೆ ಸೊಳ್ಳೆ, ಧೂಳು ತಮಗೆ ಪೌಡರು, ನೀರಿಲ್ಲದಿದ್ದರೆ ಏನಂತೆ, ಎರಡು ಕೈಗೆ ಎರಡು ಬಕೆಟ್, ಅಂಗಳದ ನಲ್ಲಿಯಿಂದ ಐವತ್ತನಾಲ್ಕು ಮೆಟ್ಟಿಲು ಒಂದೇ ಉಸಿರು. “ತೊಂದರೆ ಏನೂ ಇಲ್ಲ, ಬರ್ಕೊಳ್ಳಿ,” ಎಂದದ್ದು ಮಾತ್ರ ಚೆನ್ನಾಗಿ ನೆನಪಿತ್ತು, ಏಕೆಂದರೆ ಅವಳು ಬರೆದುಕೊಂಡಳು. ಬರೆಯುವಾಗ ಅವಳ ಮುಖದಲ್ಲಿ ಮೆಚ್ಚುಗೆ ಇತ್ತು. ಆ ಮೆಚ್ಚುಗೆಯ ಮೇಲೆ ಮಾಸ್ಟರು ಎರಡು ದಿನ ಊಟವಿಲ್ಲದೆ ಬದುಕಿದರು.

ಮೂರನೆಯ ದಿನ ನರ್ಸಮ್ಮ ಕಚೇರಿಯ ಪತ್ರ ಹಿಡಿದು ಬಂದಳು. ಬೈಯಲಿಲ್ಲ. ಬೈದಿದ್ದರೆ ಮಾಸ್ಟರಿಗೆ ಉತ್ತರವಿತ್ತು. ಬೈಗುಳಕ್ಕೆ ಅವರ ಬಳಿ ಹದಿನಾಲ್ಕು ಬಗೆಯ ಉತ್ತರಗಳು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದವು. ಅವಳು ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ನಿಂತಳು. ಕಣ್ಣಿನ ಕೆಳಗೆ ಬೂದಿ ಮೆತ್ತಿದಂತೆ ಕಪ್ಪು. “ಮೇಲಿನ ಮನೆಯ ಎಪ್ಪತ್ತಮೂರರ ವೃದ್ಧರಿಗೇ ತೊಂದರೆ ಇಲ್ಲವಾದ್ದರಿಂದ ಅಂತ ಬರೆದಿದ್ದಾರೆ, ಮಾಸ್ಟ್ರೇ. ನಿಮಗೆ ಇಲ್ಲ ಅಂದ್ಮೇಲೆ ನನಗೂ ಇಲ್ಲ ಅಂತ ಆಯ್ತು.” ಬೇರೆ ಯಾರದೋ ಸುದ್ದಿ ಹೇಳುವಂತೆ, “ನಿನ್ನೆ ನಿದ್ದೆಗಣ್ಣಲ್ಲಿ ಎರಡು ಹಾಸಿಗೆಯವರ ಮಾತ್ರೆ ಅದಲುಬದಲು ಮಾಡ್ಬಿಡ್ತಿದ್ದೆ. ಕೊಡೋ ಮುಂಚೆ ಕೈ ತಾನೇ ನಿಂತ್ಕೊಂತು. ಇನ್ನೊಂದ್ಸಲ ನಿಲ್ಲುತ್ತೋ ಇಲ್ವೋ,” ಎಂದಳು. ಮರುಪರಿಶೀಲನೆಗೆ ಅರ್ಜಿ ಹಾಕುತ್ತೇನೆ, ಅದಕ್ಕೂ ಆಗದಿದ್ದರೆ ಚಿಕ್ಕ ಯಜಮಾನನ ಕಾಗದಕ್ಕೆ ಸಹಿ ಹಾಕಿ ಅಕ್ಕನ ಊರಿಗೆ ಹೋಗುವುದು, ಅಲ್ಲಿಂದ ಆಸ್ಪತ್ರೆಗೆ ಬಸ್ಸಿಲ್ಲ, ಕೆಲಸ ಬಿಡಬೇಕು ಎಂದಳು. ಅವಳು ಇಳಿದುಹೋದ ಮೇಲೂ ಚೌಕಟ್ಟಿನಲ್ಲಿ ಅವಳ ತಲೆ ಆನಿಸಿದ್ದ ಜಾಗ ತಲೆಯಷ್ಟೇ ಎತ್ತರದಲ್ಲಿ ಮಾಸ್ಟರನ್ನು ನೋಡುತ್ತಿತ್ತು. ಧೂಳಿನಲ್ಲಿ ಕೂದಲಿನ ಗುರುತು. ಇವತ್ತಿಗೂ ಅದನ್ನು ಒರೆಸಿರಲಿಲ್ಲ.

ಅಡುಗೆಮನೆ ಈಗ ಅಡುಗೆಮನೆಯಾಗಿರಲಿಲ್ಲ. ಒಂದು ಗೋಡೆಯೇ ಇಲ್ಲ. ನೀಲಿ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹೊಟ್ಟೆ ಉಬ್ಬಿಸುತ್ತ ನಿಂತಿತ್ತು. ಕೊಳಾಯಿ ಇದ್ದಲ್ಲಿ ನೆಲದಲ್ಲೊಂದು ತೂತು, ಅದರೊಳಗೆ ಕಣ್ಣಿಟ್ಟರೆ ಪಾತಾಳದವರು ಮೇಲೆ ನೋಡಿ ಕೈ ಬೀಸುವಷ್ಟು ಆಳ. ಆ ಕೊಳಾಯಿ ಮೂವತ್ತನಾಲ್ಕು ವರ್ಷ ಮಾತಾಡಿತ್ತು. ಕಂಡಕ್ಟರ ಮನೆಯ ನಲ್ಲಿ ತಿರುಗಿಸಿದರೆ ಎಮ್ಮೆಯ ದನಿ, ನೆಲಮಹಡಿಯದು ತಿರುಗಿಸಿದರೆ ಮೂರು ಸಲ ಗಂಟಲು ಕೆರೆದುಕೊಂಡು ಸುಮ್ಮನಾಗುವುದು, ಎರಡನೆಯ ಮಹಡಿಯದಕ್ಕೆ ಸಣ್ಣ ಸಿಳ್ಳು. ಹೆಂಡತಿ ಒಲೆಯ ಮುಂದೆ ನಿಂತು ಬೆನ್ನು ತಿರುಗಿಸದೆಯೇ ಕೆಳಗಿನೋರು ಎದ್ದ್ರು, ಕಂಡಕ್ಟರಿಗೆ ಇವತ್ತು ರಜಾ ಅನ್ಸುತ್ತೆ, ಎನ್ನುತ್ತಿದ್ದಳು. ಇಡೀ ಕಟ್ಟಡದ ಬೆಳಗನ್ನು ಕಿವಿಯಲ್ಲೇ ನಡೆಸುತ್ತಿದ್ದಳು. ಅವಳು ಹೋದ ಮೇಲೂ ಐದು ವರ್ಷ ಕೊಳಾಯಿ ಅದೇ ಸುದ್ದಿ ತರುತ್ತಿತ್ತು, ಕೇಳಿ ಹೇಳುವವರಿಲ್ಲದೆ ಮಾಸ್ಟರೇ ಜೋರಾಗಿ, ಎದ್ದ್ರು, ಎಂದುಕೊಳ್ಳುತ್ತಿದ್ದರು. ಈಗ ಅದನ್ನೂ ಕಿತ್ತು ತುಂಡುತುಂಡು ಮಾಡಿ ಅಂಗಳದಲ್ಲಿ ಒಟ್ಟಿದ್ದರು. ಕೆಲಸ ಮುಗಿದು ವಾಪಸ್ ಬಂದರೂ ಹೊಸ ಕೊಳಾಯಿಗಳು ಮೂಗರಂತೆ. ಹಾಗಾದರೆ ಯಾವುದಕ್ಕೆ ವಾಪಸ್ ಬರುವುದು? ಮಾಸ್ಟರು ಪ್ಲಾಸ್ಟಿಕ್ ಹಾಳೆಯ ಮುಂದೆ ನಿಂತು ಮೀಸೆ ತೀಡಿದರು.

ಇದೇ ಅಡುಗೆಮನೆಯಿಂದ ಅವರ ಕೀರ್ತಿ ಹೊರಟದ್ದು. ಟೇಪು ಮುಟ್ಟದೆ ಬರೀ ಕಣ್ಣಿನಿಂದ ಅಳತೆ ಹೇಳುವ ಮಾಸ್ಟರ್ ಎಂದು ಹನ್ನೆರಡು ಊರಿನ ಜನ, ಅವರಿಗೆ ಕೋಟು ಬೇಕಿಲ್ಲದಿದ್ದರೂ, ನೋಡಲಿಕ್ಕೆಂದೇ ಬರುತ್ತಿದ್ದರು. ಗಿರಾಕಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಎದೆ ನಲವತ್ತು, ಭುಜ ಹದಿನೆಂಟು, ತೋಳು ಇಪ್ಪತ್ತನಾಲ್ಕೂವರೆ ಎಂದು ಘೋಷಿಸುತ್ತಿದ್ದರು. ಆ ಅರ್ಧ ಅಂಗುಲಕ್ಕೆ ಜನ ತಲೆದೂಗುತ್ತಿದ್ದರು. ಅಷ್ಟರಲ್ಲಿ ಹೆಂಡತಿ ನೀರು ಕೊಟ್ಟು, ಕೋಟು ಕೊಡಿ, ಸುಕ್ಕಾಗುತ್ತೆ, ಒಳಗೆ ನೇತು ಹಾಕ್ತೀನಿ ಎಂದು ಅವರ ಹಳೆಯ ಕೋಟನ್ನು ಅಡುಗೆಮನೆಗೆ ಒಯ್ಯುತ್ತಿದ್ದಳು. ಆಮೇಲೆ ಯಾವಾಗಲೋ ಮಾಸ್ಟರಿಗೆ ಬಾಯಾರಿಕೆಯಾಗುತ್ತಿತ್ತು. ಅಡುಗೆಮನೆಯ ಬೀರುವಿನ ಬಾಗಿಲು ತೆರೆದರೆ ಒಳಮೈಯಲ್ಲಿ ಪೆನ್ಸಿಲಿನಿಂದ ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು: ಎದೆ ಮೂವತ್ತೆಂಟೂಕಾಲು, ಭುಜ ಹದಿನೇಳು, ತೋಳು ಇಪ್ಪತ್ತಮೂರು. ನೀರು ಕುಡಿದು ಹೊರಗೆ ಬರುತ್ತಿದ್ದರು. ಬಟ್ಟೆ ಆ ಪೆನ್ಸಿಲಿನಂತೆ ಕತ್ತರಿಸುತ್ತಿದ್ದರು, ಕೋಟು ಮೈಗೆ ಎರಕ ಹೊಯ್ದಂತೆ ಕೂರುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅದರ ಬಗ್ಗೆ ಗಂಡಹೆಂಡಿರ ನಡುವೆ ಒಂದು ಮಾತು ಆಗಲಿಲ್ಲ. ಒಂದೇ ಒಂದು ಸಲ, ಮದುವೆಮನೆಯೊಂದರಲ್ಲಿ ಯಾರೋ ಮಾಸ್ಟರ ಕಣ್ಣನ್ನು ಹೊಗಳಿ ಹೊಗಳಿ ಸುಸ್ತಾಗಿ, ನಿಮ್ಮ ಯಜಮಾನರು ನಿಮ್ಮ ಅಳತೆ ತಗೊಂಡಿದ್ದಾರಾ ಎಂದು ಅವಳನ್ನು ಕೆಣಕಿದಾಗ, ಇನ್ನೂ ನೋಡ್ತಾ ಇದ್ದಾರೆ ಎಂದು ನಕ್ಕಿದ್ದಳು. ಎಲ್ಲರೂ ನಕ್ಕರು. ಮಾಸ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು, ಆ ನಗು ಇವತ್ತಿಗೂ ಹೊಟ್ಟೆಯಲ್ಲಿ ಕರಗದೆ ಕೂತಿತ್ತು.

ಹತ್ತು ದಿನದ ಹಿಂದೆ ಬೀರು ಹೋಯಿತು. ಗಾರೆಯವನು ಬಾಗಿಲನ್ನು ತಿರುಪು ಬಿಚ್ಚಿ ತೆಗೆದು, ಹಾಳು ಹಲಗೆಯೆಂದು ಅಂಗಳಕ್ಕೆ ಒಯ್ದು, ತಳ್ಳುಗಾಡಿ ಹತ್ತಿಸಲು ಹೊಸ್ತಿಲಿಗೆ ಅಡ್ಡಲಾಗಿ ಹಾಸಿದ್ದ. ಮಾಸ್ಟರು ನೀರಿಗೆ ಇಳಿದಾಗ ಅದರ ಒಳಮೈ ಆಕಾಶ ನೋಡುತ್ತಿತ್ತು. ಊರಿನ ಅರ್ಧ ಗಂಡಸರ ಎದೆ, ಭುಜ, ಸೊಂಟಗಳ ಮೇಲೆ ಸಿಮೆಂಟಿನ ಚಕ್ರ ಹೋಗುತ್ತಿತ್ತು, ಬರುತ್ತಿತ್ತು. ಗಾರೆಯವನು ಬಗ್ಗಿ ನೋಡಿ, ಇದೆಲ್ಲ ಯಾರು ಬರೆದಿದ್ದು ಮಾಸ್ಟ್ರೇ, ಮುತ್ತು ಪೋಣಿಸಿದಂಗಿದೆ ಎಂದ. ಮಾಸ್ಟರು ಬಕೆಟ್ ಕೆಳಗಿಟ್ಟರು. ಸುತ್ತ ಯಾರೂ ಇರಲಿಲ್ಲ, ಗಾರೆಯವನಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ, ನಿಜ ಹೇಳಿದ್ದರೆ ಲೋಕ ಮುಳುಗುತ್ತಿರಲಿಲ್ಲ. “ನಾನೇ,” ಎಂದರು. ಬಾಯಿ ತಾನಾಗಿ ಹೇಳಿತು, ನಾಯಿ ತಾನಾಗಿ ಬಾಲ ಆಡಿಸಿದಂತೆ. ಆ ದಿನ ಮೇಲೆ ಹತ್ತುವಾಗ ಮೊದಲನೆಯ ಮಹಡಿಯಲ್ಲಿ ನಿಂತರು. ಕೆಲಸಗಾರರ ಮುಂದೆ ನಿಲ್ಲುವುದು ಹೇಗೆ? ಗೋಡೆ ತಟ್ಟಿ, ಪ್ಲಾಸ್ಟರು ಸರಿಯಾಗಿ ಹಿಡಿದಿಲ್ಲವಲ್ಲಯ್ಯ ಎಂದು ಪರೀಕ್ಷಕನಂತೆ ತಲೆಯಾಡಿಸಿದರು. ದಿನವೂ ಅದೇ ಉಪಾಯ. ಕಟ್ಟಡದಲ್ಲಿ ಅವರು ತಪ್ಪು ಹಿಡಿಯದ ಗೋಡೆ ಉಳಿದಿರಲಿಲ್ಲ. ಎರಡನೆಯ ಮಹಡಿಗೆ ಬರುವಾಗ ಮೊಣಕಾಲು ಒಳಗಿನಿಂದ ಯಾರೋ ಹೊಲಿಗೆ ಬಿಚ್ಚಿದಂತೆ ಸಡಿಲವಾಗಿ, ಬಕೆಟ್ಟಿನ ನೀರೆಲ್ಲ ಮೆಟ್ಟಿಲ ಮೇಲೆ ಜಲಪಾತವಾಯಿತು. ನರ್ಸಮ್ಮ ನಿದ್ದೆಗಣ್ಣಿನಲ್ಲಿ ಹೊರಗೆ ಬಂದಳು. ಮೆಟ್ಟಿಲು ತೊಳೀತಿದ್ದೆ, ಎಷ್ಟು ಧೂಳು ನೋಡಿ, ಎಂದರು ಮಾಸ್ಟರು, ಕೂತಲ್ಲಿಂದಲೇ. ಅವಳು ಒಳಗಿಂದ ಬಟ್ಟೆ ತಂದು ಒರೆಸಿದಳು, ಖಾಲಿ ಬಕೆಟ್ ತೆಗೆದುಕೊಂಡು ಕೆಳಗಿಳಿದಳು, ತುಂಬಿಸಿ ತಂದು ಮೂರನೆಯ ಮಹಡಿಯ ಬಾಗಿಲಲ್ಲಿ ಇಟ್ಟಳು. ಮಲಗಬೇಕಾದ ಹೊತ್ತಿನಲ್ಲಿ.

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರಮ್ಮ ಬಂದಳು, ಹಿಂದೆಯೇ ಚಿಕ್ಕ ಯಜಮಾನ. ಅವನ ಶಾಲೆಯ ಮೊದಲ ಕೋಟು ಹೊಲಿದದ್ದು ಮಾಸ್ಟರೇ. ಆಗ ಅವನ ಮೂಗು ಸದಾ ಸೋರುತ್ತಿತ್ತು, ಈಗ ಅದರ ಮೇಲೆ ತಂಪು ಕನ್ನಡಕ. ನರ್ಸಮ್ಮ ಬಾಗಿಲ ಹೊರಗೆ ನಿಂತಳು, ಒಳಗೆ ಬರಲಿಲ್ಲ. ಚಿಕ್ಕ ಯಜಮಾನ ಮಾಸ್ಟರ ಹೆಗಲಿಗೆ ಕೈ ಹಾಕಿ, ನಮ್ಮ ಮಾಸ್ಟರ್ ಅಂಕಲ್ ಅಂದ್ರೆ ಹುಲಿ ಮೇಡಂ, ಈ ವಯಸ್ಸಲ್ಲೂ ಎರಡೆರಡು ಬಕೆಟ್, ನನಗೇ ಆಗಲ್ಲ, ಬರೀ ಕಣ್ಣಲ್ಲಿ ಅಳತೆ ಹೇಳ್ತಿದ್ದ ಮನುಷ್ಯ, ಇವರ ಕಥೆ ಕೇಳ್ತಾ ನಾವು ಬೆಳೆದ್ವಿ ಎಂದು ಬೆಣ್ಣೆ ಹಚ್ಚತೊಡಗಿದ. ಮಾಸ್ಟರ ಎದೆ, ಅದು ಯಾರ ಮಾತೂ ಕೇಳುವ ಜಾತಿಯದಲ್ಲ, ಉಬ್ಬಲು ಶುರುಮಾಡಿತು. ನಲವತ್ತು, ನಲವತ್ತೊಂದು. ಹುಲಿ ಎಂದರೆ ಹುಲಿಯಾಗಿಯೇ ಈ ಮನೆಯಿಂದ ಹೊರಟುಬಿಡಬಹುದಲ್ಲ ಎಂದು ಒಂದು ಕ್ಷಣ ಅನ್ನಿಸಿತು; ಅದು ಸುಲಭ, ಅದು ಅಭ್ಯಾಸ. ಬಾಗಿಲಾಚೆ ನರ್ಸಮ್ಮ ನಿಂತಲ್ಲೇ ಕಣ್ಣು ಮುಚ್ಚಿದ್ದಳು. ಬೇಸರಕ್ಕಲ್ಲ. ನಿಂತೇ ನಿದ್ದೆ ಹೋಗಿದ್ದಳು, ಕತ್ತು ಒಂದು ಸಲ ವಾಲಿ ಬೆಚ್ಚಿ ನೆಟ್ಟಗಾಯಿತು.

ಮಾಸ್ಟರು ಹೆಗಲಿನ ಕೈ ಸರಿಸಿದರು. ಬಾಯಿ ತೆರೆದರು. ಮೂರು ಪದದ ವಾಕ್ಯ ಬರುವ ಬದಲು ಕಟ್ಟೆಯೇ ಒಡೆಯಿತು. ತೊಂದರೆಯೇ, ಆರು ವಾರದಿಂದ ಒಂದು ಕ್ಷಣ ಕಣ್ಣು ಮುಚ್ಚಿಲ್ಲ, ಡ್ರಿಲ್ಲಿನ ಸದ್ದಿಗೆ ನಾಲ್ಕು ಹಲ್ಲು ಉದುರಿದವು, ನೀರು ಹೊತ್ತೂ ಹೊತ್ತೂ ಎತ್ತರ ಮೂರು ಅಂಗುಲ ಕುಗ್ಗಿತು, ದಿನಕ್ಕೆ ನೂರು ಬಕೆಟ್, ಧೂಳು ತಿಂದು ತಿಂದು ಹೊಟ್ಟೆಯಲ್ಲಿ ಗೋಡೆ ಎದ್ದಿದೆ. ಚಿಕ್ಕ ಯಜಮಾನ ಗಹಗಹಿಸಿ ನಕ್ಕ. ಬಾಗಿಲಲ್ಲಿ ಇಣುಕಿದ್ದ ಗಾರೆಯವನೂ ನಕ್ಕ. ಇನ್‌ಸ್ಪೆಕ್ಟರಮ್ಮ ನಗಲಿಲ್ಲ, ಪೆನ್ನಿನ ಮುಚ್ಚಳ ಹಾಕಿದಳು.

“ಅಜ್ಜಾವ್ರೇ, ಹೋದ ಸಲ ಏನೂ ಇಲ್ಲ ಅಂದ್ರಿ. ಈ ಸಲ ಆಕಾಶ ಬಿದ್ದಿದೆ ಅಂತೀರಿ. ನಾನು ಎರಡನ್ನೂ ಬರೆಯೋಕಾಗಲ್ಲ. ಎಷ್ಟಿದೆಯೋ ಅಷ್ಟು ಹೇಳಿ.”

ಎಷ್ಟಿದೆಯೋ ಅಷ್ಟು. ಮಾಸ್ಟರು ಸುತ್ತ ನೋಡಿದರು, ನೆರವಿಗೆ ಯಾರಾದರೂ ಇದ್ದಾರೆಯೇ ಎಂಬಂತೆ. ಪ್ಲಾಸ್ಟಿಕ್ ಹಾಳೆ ಒಳಗೆ ಸರಿಯಿತು, ಹೊರಗೆ ಉಬ್ಬಿತು. ಇದ್ದ ಒಂದೇ ಕುರ್ಚಿಯಲ್ಲಿ, ಹೆಣ್ಣುಮಗಳೊಬ್ಬಳು ನಿಂತಿರುವಾಗ, ಕೂತರು. ಆಮೇಲೆ ಇಷ್ಟು ಸಣ್ಣ ದನಿಯಲ್ಲಿ ಹೇಳತೊಡಗಿದರೆಂದರೆ ಇನ್‌ಸ್ಪೆಕ್ಟರಮ್ಮ ಬಗ್ಗಬೇಕಾಯಿತು. ಕೊಳಾಯಿ ಕಿತ್ತ ಮೇಲೆ ಮನೆಗೆ ನೀರಿಲ್ಲ, ಅಂಗಳದ ನಲ್ಲಿಗೆ ಮಾತ್ರ ಬರುತ್ತದೆ. ದಿನಕ್ಕೆ ಮೂರು ಬಕೆಟ್. ಒಂದೊಂದೇ, ಎರಡಲ್ಲ. ಅರ್ಧ ತುಂಬಿದ್ದು. ಐದು ಕಡೆ ನಿಲ್ಲುತ್ತೇನೆ. ಎರಡನೆಯ ಮಹಡಿಯಲ್ಲಿ ಕೂರುತ್ತೇನೆ, ಏಳಲಿಕ್ಕೆ ಹನ್ನೊಂದು ನಿಮಿಷ ಬೇಕು. ಎರಡು ಸಲ ಬಿದ್ದಿದ್ದೇನೆ. ಮೊದಲ ಸಲ ಈ ತಾಯಿ ನೀರು ತಂದುಕೊಟ್ಟಳು, ಎರಡನೆಯ ಸಲ ಬಿದ್ದದ್ದು ಯಾರಿಗೂ ಗೊತ್ತಿಲ್ಲ. ನಲವತ್ತೊಂದು ದಿನದಿಂದ ಮನೆಯಲ್ಲಿ ಅಡುಗೆಯಿಲ್ಲ, ಬ್ರೆಡ್ಡು. ಸ್ನಾನ ವಾರಕ್ಕೊಂದು. ಕೊನೆಯದನ್ನು ಹೇಳುವಾಗ ಕಿವಿ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಚಿಕ್ಕ ಯಜಮಾನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಯಾರೂ ನಗುತ್ತಿರಲಿಲ್ಲ, ಮಾಸ್ಟರಿಗೆ ಅದೇ ಎಲ್ಲಕ್ಕಿಂತ ಭಯಂಕರವೆನಿಸಿತು.

“ಕೆಲಸ ಮುಗಿದ ಮೇಲೆ ಇದೇ ಮನೆಗೆ ಬರ್ತೀರಾ? ಕಾರಣ ಅಂತ ಒಂದು ಕಾಲಂ ಇದೆ.”

“ಬರ್ತೀನಿ,” ಎಂದರು. ಆಮೇಲೆ ಬೀರು ಇದ್ದ ಕಡೆ ತಿರುಗಿದರು. “ನನ್ನ ಹೆಂಡತಿ ಇಲ್ಲಿದ್ಲು. ಟೇಪು ಹಿಡಿದು ಅಳತೆ ತಗೋತಿದ್ದೋಳು ಅವಳು. ನಾನಲ್ಲ.”

ಅದನ್ನು ಬರೆಯಬೇಕೋ ಬೇಡವೋ ಎಂದು ಹುಡುಗಿಗೆ ತಿಳಿಯಲಿಲ್ಲ. ಬರೆದಳು. ಆಮೇಲೆ ನಿಯಮದಂತೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದಳು. ನಿವಾಸಿಯು ಎಪ್ಪತ್ತಮೂರು ವರ್ಷದವನು, ಒಬ್ಬನೇ ಇದ್ದಾನೆ, ಅರ್ಧ ಬಕೆಟ್ ನೀರನ್ನು ಐದು ಕಡೆ ನಿಂತು ಹೊರುತ್ತಾನೆ, ಎರಡನೆಯ ಮಹಡಿಯಲ್ಲಿ ಹನ್ನೊಂದು ನಿಮಿಷ ಕೂರುತ್ತಾನೆ, ಎರಡು ಸಲ ಬಿದ್ದಿದ್ದಾನೆ, ಹೆಂಡತಿ ಇದ್ದ ಮನೆಗೆ ವಾಪಸ್ ಬರಬಯಸುತ್ತಾನೆ. ಮಾಸ್ಟರು ಕೈಕಟ್ಟಿ ಕೇಳಿದರು. ಆ ಮುದುಕನನ್ನು ಅವರು ಇದುವರೆಗೆ ಕಂಡಿರಲಿಲ್ಲ. ಅವನ ಬಗ್ಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಪಾಪ, ಇಂಥವನನ್ನು ಹೊರಗೆ ಹಾಕಬಾರದು ಎನ್ನಿಸಿತು, ಅವನ ಪರವಾಗಿ ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ಎರಡೂ ಮನೆ ವಾಸಕ್ಕೆ ಯೋಗ್ಯವಿಲ್ಲ ಎಂದು ಇನ್‌ಸ್ಪೆಕ್ಟರಮ್ಮ ಅಲ್ಲೇ ಬರೆದಳು. ಬದಲಿ ಮನೆ, ವಾಪಸಾತಿಯ ಪತ್ರ, ಎರಡೂ ಕಚೇರಿಗೆ ತಲುಪುವವರೆಗೆ ಡ್ರಿಲ್ ನಿಲ್ಲಬೇಕು, ಈ ಗಳಿಗೆಯಿಂದ, ಎಂದಳು. ಅಂಕಲ್, ನನಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ ಎಂದು ಚಿಕ್ಕ ಯಜಮಾನ ಗೊಣಗಿ, ಉತ್ತರಕ್ಕೆ ಕಾಯದೆ ಕೆಳಗಿಳಿದ. ನರ್ಸಮ್ಮ ಮಾತ್ರ ಒಳಗೆ ಬಂದಳು. ಧನ್ಯವಾದ ಹೇಳುತ್ತಾಳೆಂದು ಮಾಸ್ಟರು ಮುಖ ತಿರುಗಿಸಿಕೊಂಡರು. “ಎರಡನೇ ಸಲ ಯಾವಾಗ ಬಿದ್ರಿ?” ಎಂದಳು. ಬುಧವಾರ ಎಂದರು. ಕೂತವರ ಪ್ಯಾಂಟನ್ನು ಮೇಲೆ ಸರಿಸಿ, ಎರಡು ಬೆರಳಿನಿಂದ ಮೊಣಕಾಲನ್ನು ಒತ್ತಿ ಒತ್ತಿ ನೋಡಿದಳು. ಎದ್ದ ಮೇಲೆ ಬಂದು ಕಟ್ಟು ಹಾಕುತ್ತೇನೆ, ಅಲ್ಲಿಯವರೆಗೂ ಓಡಾಡಬೇಡಿ ಎಂದಳು. ಪಾಳಿ ಎಂಟಕ್ಕೆ, ಎರಡು ಗಂಟೆ ನಿದ್ದೆ ಸಿಗುತ್ತದೆ ಎಂದು ಆಕಳಿಸುತ್ತ ಇಳಿದಳು.

ಡ್ರಿಲ್ ನಿಂತಿತು. ನಿಂತ ಮೇಲೆಯೇ ಗೊತ್ತಾದದ್ದು, ಕಟ್ಟಡಕ್ಕೆ ಎಷ್ಟು ಕಿವಿಗಳಿದ್ದವೆಂದು. ಕೆಳಗೆ ಬಾಗಿಲಿನ ಚಿಲಕ, ಮಂಚದ ಒಂದು ಕಿರುಗುಟ್ಟುವಿಕೆ, ಆಮೇಲೆ ಏನೂ ಇಲ್ಲ. ಮಾಸ್ಟರಿಗೆ ತಕ್ಷಣ ಕ್ಷೌರದಂಗಡಿಗೆ ಹೋಗಿ, ಚಿಕ್ಕ ಯಜಮಾನನನ್ನು ಹೇಗೆ ಕತ್ತರಿಸಿ ಹಾಕಿದೆನೆಂದು ಹೇಳಬೇಕೆನಿಸಿತು. ಅದರಲ್ಲಿ ಇನ್‌ಸ್ಪೆಕ್ಟರಮ್ಮ ಎದ್ದು ನಿಂತು ನಮಸ್ಕರಿಸುವ ಭಾಗ ಆಗಲೇ ತಯಾರಾಗುತ್ತಿತ್ತು. ಏಳಲು ಒಂದು ಕಾಲು ನೆಲಕ್ಕೆ ಊರಿದರು. ನೆಲದ ಹಲಗೆ ಕಿರ್ ಎಂದಿತು. ತಮ್ಮ ನೆಲ ಅವಳ ಸೂರು. ಕಾಲನ್ನು ಹಾಗೆಯೇ ಎತ್ತಿ ಕುರ್ಚಿಯ ಮೇಲೆ ಮಡಿಸಿಕೊಂಡರು. ಉಸಿರನ್ನೂ ಕಂತುಕಂತಾಗಿ ಬಿಟ್ಟರು. ಕಿಟಕಿಯ ಬೆಳಕು ಗಿರಾಕಿಗಳು ನಿಲ್ಲುತ್ತಿದ್ದ ಜಾಗವನ್ನು ದಾಟಿ, ಗೋಡೆ ಹತ್ತಿ, ತೆಳ್ಳಗಾಯಿತು. ಐದೂವರೆಗೆ ಧೂಳಿನ ಕೆಮ್ಮು ಬಂದಾಗ ಬೆನ್ನ ಹಿಂದಿನ ದಿಂಬನ್ನು ಎರಡು ಕೈಯಲ್ಲಿ ಬಾಯಿಗೆ ಒತ್ತಿಹಿಡಿದು, ಇಡೀ ಕೆಮ್ಮನ್ನು ಅದರೊಳಗೆ ಹಾಕಿ, ದಿಂಬನ್ನು ಸದ್ದಾಗದಂತೆ ತೊಡೆಯ ಮೇಲೆ ಇಳಿಸಿಕೊಂಡರು.